ಜೋಡು ಹೊಲಿಯುವವನ ಮಗ ವಿಕ್ಟರ್ ಹೋರ್ಟಾ

ಕವಿಯೊಬ್ಬನ ಕಾವ್ಯದ ಒಂದು ಪ್ರತಿ ಸುಟ್ಟುಹೋದರೂ ಮತ್ತೊಂದು ಪ್ರತಿ ಎಲ್ಲಿಯಾದರೂ ಉಳಿದಿರುತ್ತದೆ. ಚಿತ್ರಗಾರನ ಚಿತ್ರವನ್ನು ಅಪಾಯದ ಕಾಲದಲ್ಲಿ ಗೋಡೆಯಿಂದಿಳಿಸಿ ನೆಲಮಾಳಿಗೆಯಲ್ಲಿ ಬಚ್ಚಿಡಬಹುದು. ಮನೆ ಕಟ್ಟುವ ಕಲಾವಿದನಿಗೆ ಆ ಭಾಗ್ಯವಿಲ್ಲ. ಅವನ ಕೃತಿ ನೆಲಕ್ಕೆ ಅಂಟಿಕೊಂಡದ್ದು. ಆ ನೆಲದ ಬೆಲೆ ಏರಿದ ದಿನವೇ ಅದಕ್ಕೆ ಗಂಡಾಂತರ. ಬೆಲ್ಜಿಯಂ ದೇಶದ ವಾಸ್ತುಶಿಲ್ಪಿ ವಿಕ್ಟರ್ ಹೋರ್ಟಾನ ಬಾಳನ್ನು ಓದುವಾಗ ಈ ಸಂಗತಿ ನನಗೆ ಮತ್ತೆ ಮತ್ತೆ ಮನಸ್ಸಿಗೆ ಬಂದಿತು. ಯೂರೋ ನಾಣ್ಯ ಬರುವುದಕ್ಕೆ ಮುಂಚೆ ಬೆಲ್ಜಿಯಂನ 2000 ಫ್ರಾಂಕಿನ ನೋಟಿನ ಮೇಲೆ ಅಚ್ಚಾಗಿದ್ದ ಮುಖ ಈತನದೇ. ಅಷ್ಟು ದೊಡ್ಡ ಹೆಸರಿನವನು ಕಟ್ಟಿದ ಮನೆಗಳಲ್ಲಿ ಯಾವುವು ಉಳಿದವು, ಯಾವುವು ಹೋದವು ಎಂಬುದೊಂದು ವಿಚಿತ್ರ ಕಥೆ. ಅದನ್ನು ನನ್ನ ಸಹಪಾಠಿಗಳ ಮುಂದಿಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ಹೋರ್ಟಾ 1861ರ ಜನವರಿ 6ರಂದು ಗೆಂಟ್ ನಗರದಲ್ಲಿ ಹುಟ್ಟಿದನು. ತಂದೆ ಜೋಡು ಹೊಲಿಯುವ ಕಸುಬಿನವನು. ಕೈಕೆಲಸವೂ ಒಂದು ದೊಡ್ಡ ಕಲೆಯೇ ಎಂದು ಆ ತಂದೆ ನಂಬಿದ್ದನೆಂದು ಮಗನು ವೃದ್ಧಾಪ್ಯದಲ್ಲಿ ನೆನೆದುಕೊಂಡಿದ್ದಾನೆ. ಜೋಡು ಹೊಲಿಯುವವನು ಮೊದಲು ಕಾಲಿನ ಅಳತೆ ತೆಗೆದುಕೊಳ್ಳುತ್ತಾನೆ. ಇನ್ನೊಬ್ಬರ ಅಳತೆಯ ಜೋಡು ಎಷ್ಟು ಚೆಂದವಿದ್ದರೂ ಕಚ್ಚುತ್ತದೆ. ಮಗನು ಮುಂದೆ ಕಟ್ಟಿದ ಮನೆಗಳನ್ನು ನೋಡಿದರೆ ಅವನು ಈ ಪಾಠವನ್ನು ತಂದೆಯ ಅಂಗಡಿಯಲ್ಲೇ ಕಲಿತನೆಂದು ನನಗೆ ತೋರುತ್ತದೆ.

ಹುಡುಗನನ್ನು ಮೊದಲು ಸಂಗೀತ ಶಾಲೆಗೆ ಸೇರಿಸಿದರು. ಅಲ್ಲಿ ಅವನ ತುಂಟತನವನ್ನು ತಾಳಲಾರದೆ ಹೊರಗೆ ಹಾಕಿದರು! ಹನ್ನೆರಡನೆಯ ವಯಸ್ಸಿನಲ್ಲಿ ಸೋದರ ಸಂಬಂಧದ ಹಿರಿಯನೊಬ್ಬನ ಜತೆಯಲ್ಲಿ ಮನೆ ಕಟ್ಟುವ ಜಾಗದಲ್ಲಿ ಕೈಗೂಡಿಸಿದ್ದೇ ಅವನ ಮನಸ್ಸನ್ನು ಈ ಕಡೆಗೆ ತಿರುಗಿಸಿತೆಂದು ಹೇಳುತ್ತಾರೆ. ಗೆಂಟ್ ನಗರದ ಕಲಾಶಾಲೆಯಲ್ಲಿ ವಾಸ್ತುಶಿಲ್ಪ ವಿಭಾಗವನ್ನು ಸೇರಿದನು. 1878ರಲ್ಲಿ, ನಾವು ಕಾಲೇಜಿನ ಮೆಟ್ಟಿಲು ಹತ್ತುವ ವಯಸ್ಸಿನಲ್ಲಿ, ಪ್ಯಾರಿಸ್ಸಿಗೆ ಹೋಗಿ ಒಬ್ಬ ಅಲಂಕಾರ ಶಿಲ್ಪಿಯ ಕೈಕೆಳಗೆ ಕೆಲಸಕ್ಕೆ ನಿಂತನು. 1880ರಲ್ಲಿ ತಂದೆ ತೀರಿಕೊಂಡನು. ಹೋರ್ಟಾ ಊರಿಗೆ ಹಿಂದಿರುಗಿ, ಬ್ರಸಲ್ಸಿನಲ್ಲಿ ನೆಲಸಿ, ಮದುವೆಯಾಗಿ, ಅಲ್ಲಿಯ ಕಲಾ ಅಕಾಡೆಮಿಯಲ್ಲಿ ಮತ್ತೆ ವಿದ್ಯಾರ್ಥಿಯಾದನು. ಸಂಸಾರ ಹೊತ್ತುಕೊಂಡು ಓದುವುದೆಂದರೇನೆಂದು ನಮ್ಮಲ್ಲಿ ಕೆಲವರು ಬಲ್ಲರು.

ಅಕಾಡೆಮಿಯಲ್ಲಿ ಅವನ ಗುರು ಆಲ್ಫೋನ್ಸ್ ಬಾಲಾ ಎಂಬಾತ. ಬಾಲಾ ದೊರೆ ಎರಡನೆಯ ಲಿಯೋಪೋಲ್ಡನ ವಾಸ್ತುಶಿಲ್ಪಿ. ಲಾಕೆನ್ ಅರಮನೆಯ ತೋಟದಲ್ಲಿ ಕಬ್ಬಿಣ ಮತ್ತು ಗಾಜಿನಿಂದಲೇ ಭಾರಿ ಸಸ್ಯಗೃಹಗಳನ್ನು ಕಟ್ಟಿಸುತ್ತಿದ್ದನು. ಗುರುವು ಶಿಷ್ಯನನ್ನು ಸಹಾಯಕನನ್ನಾಗಿ ಇಟ್ಟುಕೊಂಡನು. ಕಬ್ಬಿಣ ಎಷ್ಟು ತೆಳ್ಳಗಿದ್ದರೂ ಎಷ್ಟು ಹೊರೆ ಹೊರಬಲ್ಲದು, ಗಾಜಿನಿಂದ ಇಳಿದ ಬೆಳಕು ಒಳಗೆ ಹೇಗೆ ಹರಡುತ್ತದೆ ಎಂಬುದನ್ನು ಹೋರ್ಟಾ ಕಂಡುಕೊಂಡದ್ದು ಅಲ್ಲಿಯೇ. 1884ರಲ್ಲಿ ಪಾರ್ಲಿಮೆಂಟ್ ಭವನವೊಂದರ ನಕ್ಷೆಗಾಗಿ ಅವನಿಗೆ ಗೋಡೆಶಾರ್ಲ್ ಬಹುಮಾನ ಬಂದಿತು. ಆ ಭವನ ನಕ್ಷೆಯಲ್ಲಿಯೇ ಉಳಿಯಿತು.

ಇನ್ನು ಅವನಿಗೆ ಹೆಸರು ತಂದ ಮನೆಯ ವಿಷಯ. ಅದು ತಿಳಿಯಬೇಕಾದರೆ ಬ್ರಸಲ್ಸಿನ ಹಳೆಯ ಮನೆಗಳ ಕ್ರಮ ತಿಳಿದಿರಬೇಕು. ಅಲ್ಲಿ ನಿವೇಶನಗಳು ಮುಂಭಾಗದಲ್ಲಿ ಬಹಳ ಇಕ್ಕಟ್ಟು, ಹಿಂದಕ್ಕೆ ಉದ್ದ. ಅಕ್ಕಪಕ್ಕದ ಮನೆಗಳಿಗೆ ಗೋಡೆ ಅಂಟಿರುತ್ತದೆ. ಒಂದು ಬದಿಗೆ ಓಣಿಯಂತಹ ನಡೆ, ಅದರ ಪಕ್ಕದಲ್ಲಿ ಒಂದರ ಹಿಂದೆ ಒಂದರಂತೆ ಮೂರು ಕೋಣೆಗಳು. ಮುಂದಿನ ಕೋಣೆಗೆ ಬೀದಿಯ ಬೆಳಕು, ಹಿಂದಿನ ಕೋಣೆಗೆ ಹಿತ್ತಿಲ ಬೆಳಕು. ನಡುವಿನ ಕೋಣೆಗೆ ಹಗಲಿನಲ್ಲಿಯೂ ಕತ್ತಲೆ. ಶ್ರೀಮಂತರ ಮನೆಯೂ ಹೀಗೆಯೇ. ನಡುಕೋಣೆಯ ಕತ್ತಲೆಯನ್ನು ಜನ ಹಣೆಯ ಬರಹವೆಂಬಂತೆ ಒಪ್ಪಿಕೊಂಡಿದ್ದರು.

ಬ್ರಸಲ್ಸ್ ವಿಶ್ವವಿದ್ಯಾನಿಲಯದಲ್ಲಿ ಎಮಿಲ್ ಟಾಸೆಲ್ ಎಂಬ ರೇಖಾಗಣಿತದ ಪ್ರಾಧ್ಯಾಪಕನಿದ್ದನು. ಅವನು 1892ರ ಸುಮಾರಿನಲ್ಲಿ ತನಗೊಂದು ಮನೆ ಬೇಕೆಂದು ಹೋರ್ಟಾನನ್ನು ಕೇಳಿದನು. ನಿವೇಶನದ ಅಗಲ ಎಂಟು ಮೀಟರಿಗಿಂತಲೂ ಕಡಮೆ. ಹೋರ್ಟಾ ಮನೆಯನ್ನು ಎರಡು ತುಂಡು ಮಾಡಿದನು: ಬೀದಿಯ ಕಡೆಗೊಂದು, ಹಿತ್ತಿಲ ಕಡೆಗೊಂದು. ಇವೆರಡೂ ಇಟ್ಟಿಗೆ ಕಲ್ಲುಗಳ ಕಟ್ಟಡ. ಕತ್ತಲೆ ಕೋಣೆ ಬರಬೇಕಾಗಿದ್ದ ನಡುಜಾಗದಲ್ಲಿ ಕಬ್ಬಿಣದ ಕಂಬಗಳನ್ನು ನಿಲ್ಲಿಸಿ, ಮೇಲೆ ಗಾಜಿನ ಮಾಡು ಹಾಕಿ, ಅದರ ಕೆಳಗೆ ಮಹಡಿಯ ಮೆಟ್ಟಿಲನ್ನು ತಂದನು. ಶತಮಾನಗಳಿಂದ ಮನೆಯ ಅತ್ಯಂತ ಕತ್ತಲೆಯ ಜಾಗವಾಗಿದ್ದದ್ದು ಅತ್ಯಂತ ಬೆಳಕಿನ ಜಾಗವಾಯಿತು. ನಮ್ಮ ಹಳೆಯ ತೊಟ್ಟಿಮನೆಗಳನ್ನು ನೋಡಿದವರಿಗೆ ನಡುವಿನಿಂದ ಬೆಳಕು ಇಳಿಸುವ ಉಪಾಯ ಹೊಸದೇನಲ್ಲ. ಆದರೆ ನಮ್ಮಲ್ಲಿ ತೊಟ್ಟಿಯೊಳಕ್ಕೆ ಮಳೆಯೂ ಬರುತ್ತದೆ, ಬರಲಿ ಎಂದೇ ಇರುತ್ತದೆ. ಆ ಚಳಿಯ ದೇಶದಲ್ಲಿ ಮಳೆಯನ್ನು ಬಿಟ್ಟು ಬೆಳಕನ್ನು ಮಾತ್ರ ಒಳಗೆ ಕರೆಯಬೇಕಾಗಿತ್ತು.

ಕಬ್ಬಿಣವೇನೂ ಆ ದೇಶಕ್ಕೆ ಅಪರೂಪದ ವಸ್ತುವಲ್ಲ. ಬೆಲ್ಜಿಯಂ ಕಲ್ಲಿದ್ದಲು, ಕಬ್ಬಿಣ, ಗಾಜುಗಳ ನಾಡು. ಆದರೆ ಕಬ್ಬಿಣವೆಂದರೆ ರೈಲು ನಿಲ್ದಾಣಕ್ಕೆ, ಕಾರ್ಖಾನೆಗೆ, ಸೇತುವೆಗೆ. ಮನೆಯಲ್ಲಿ ಅದನ್ನು ಬಳಸಿದರೂ ಗಾರೆಯೊಳಗೆ ಮುಚ್ಚಿಡುತ್ತಿದ್ದರು, ಬಡನೆಂಟನನ್ನು ಹಿತ್ತಿಲಿನಲ್ಲಿ ಕೂಡಿಸಿದಂತೆ. ಹೋರ್ಟಾ ಅದನ್ನು ನಡುಮನೆಗೆ ಕರೆತಂದು ಎಲ್ಲರಿಗೂ ಕಾಣುವಂತೆ ನಿಲ್ಲಿಸಿದನು. ಕಂಬದ ತುದಿಯಿಂದ ಕಬ್ಬಿಣದ ಕುಡಿಗಳು ಬಳ್ಳಿಯಂತೆ ಬಾಗಿ ತೊಲೆಯನ್ನು ಹಿಡಿಯುತ್ತವೆ. ಅದೇ ಬಳ್ಳಿ ಗೋಡೆಯ ಮೇಲೆ ಬಣ್ಣವಾಗಿ, ನೆಲದ ಮೇಲೆ ಮೊಸಾಯಿಕ್ಕಾಗಿ, ಮೆಟ್ಟಿಲ ಪಕ್ಕದಲ್ಲಿ ಕಟಕಟೆಯಾಗಿ ಹರಿಯುತ್ತದೆ. ಹೂವನ್ನೂ ಎಲೆಯನ್ನೂ ಬಿಟ್ಟು ಕಾಂಡವನ್ನು ಮಾತ್ರ ತೆಗೆದುಕೊಳ್ಳಬೇಕೆಂಬುದು ಅವನ ಮತ. ಬೀಸಿದ ಚಾಟಿಯಂತಹ ಈ ಗೆರೆಯೇ ಆ ಕಾಲದ ಹೊಸ ಶೈಲಿಯ ಗುರುತಾಯಿತು. ಅದನ್ನು ಆರ್ಟ್ ನೂವೋ, ಎಂದರೆ ಹೊಸ ಕಲೆ, ಎಂದು ಕರೆದರು. 1895ರಲ್ಲಿ ಪ್ಯಾರಿಸ್ಸಿನಿಂದ ಹೆಕ್ಟರ್ ಗಿಮಾರ್ ಎಂಬ ತರುಣ ಶಿಲ್ಪಿ ಬಂದು ಟಾಸೆಲನ ಮನೆಯನ್ನು ನೋಡಿ, ಊರಿಗೆ ಹೋಗಿ ತಾನು ಕಟ್ಟುತ್ತಿದ್ದ ಮನೆಯ ನಕ್ಷೆಯನ್ನೇ ತಿದ್ದಿದನು. ಪ್ಯಾರಿಸ್ಸಿನ ಮೆಟ್ರೋ ದ್ವಾರಗಳಲ್ಲಿ ಕಾಣುವ ಕಬ್ಬಿಣದ ಗಿಡಗಳು ಅವನವು.

ಈ ಮೆಟ್ಟಿಲಿನ ಚಿತ್ರವನ್ನು ನಾನು ನಮ್ಮ ತಂದೆಯವರಿಗೆ ತೋರಿಸಿದೆ. ಅವರು ಗಾರೆ ಕೆಲಸದವರು. ಬಳ್ಳಿಯನ್ನೂ ಬಣ್ಣವನ್ನೂ ಅವರು ನೋಡಲಿಲ್ಲ. ನಡುವಿನ ಗೋಡೆ ತೆಗೆದ ಮೇಲೆ ಮಾಡಿನ ಭಾರ ಎಲ್ಲಿ ಕೂರುತ್ತದೆಂದು ಬೆರಳಿನಿಂದ ಹುಡುಕಿದರು. ಆ ಸಪೂರ ಕಂಬದ ಮೇಲೆ ಬೆರಳು ನಿಂತಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಕಬ್ಬಿಣ ಒಳ್ಳೆಯದಿರಬೇಕು ಎಂದರು. ಪುಸ್ತಕಗಳಲ್ಲಿ ಹೋರ್ಟಾನ ಅಲಂಕಾರದ ಮಾತೇ ಹೆಚ್ಚು. ಆದರೆ ತಂದೆಯವರ ಬೆರಳು ಹೋದ ಕಡೆಯೇ ಅವನ ನಿಜವಾದ ಸಾಹಸವಿದೆಯೆಂದು ನನಗನ್ನಿಸುತ್ತದೆ. ಬಳ್ಳಿ ಕೇವಲ ಸಿಂಗಾರವಲ್ಲ, ಅದು ಮನೆಯನ್ನು ಹೊರುತ್ತಿದೆ.

ಟಾಸೆಲನ ಮನೆಯಿಂದ ಹೋರ್ಟಾನ ಅದೃಷ್ಟ ಖುಲಾಯಿಸಿತು. ಸೋಡಾ ಕ್ಷಾರದ ಕಾರ್ಖಾನೆಗಳಿಂದ ಅಪಾರ ಹಣ ಗಳಿಸಿದ ಎರ್ನೆಸ್ಟ್ ಸೋಲ್ವೆಯ ಮಗ ಆರ್ಮಾಂಡ್ ಸೋಲ್ವೆ, ಖರ್ಚಿನ ಮಿತಿಯನ್ನೇ ಹೇಳದೆ ಒಂದು ಮನೆ ಕಟ್ಟಿಕೊಡೆಂದನು. ಹೋರ್ಟಾ ಗೋಡೆ ಮಾಡುಗಳಲ್ಲದೆ ಮೇಜು, ಕುರ್ಚಿ, ರತ್ನಗಂಬಳಿ, ದೀಪ, ಬಾಗಿಲ ಹಿಡಿ ಎಲ್ಲವನ್ನೂ ತಾನೇ ಬರೆದು ಮಾಡಿಸಿದನು. ಇದು ಆ ಕಾಲದ ಬೆಲ್ಜಿಯಂ ಕಲಾವಿದರ ಹುಚ್ಚೆಂದರೂ ಸಲ್ಲುತ್ತದೆ. ಹೋರ್ಟಾನ ಸಮಕಾಲೀನನೂ ಪ್ರತಿಸ್ಪರ್ಧಿಯೂ ಆಗಿದ್ದ ಹೆನ್ರಿ ವಾನ್ ಡ ವೆಲ್ಡ ತನ್ನ ಮನೆಯ ಗೋಡೆಗೆ ಒಪ್ಪುವಂತೆ ಹೆಂಡತಿಯ ಉಡುಪಿನ ವಿನ್ಯಾಸವನ್ನೂ ತಾನೇ ಮಾಡಿದನು! ಆಕೆಗೆ ಅದು ಎಷ್ಟು ಒಪ್ಪಿಗೆಯಾಯಿತೋ ತಿಳಿಯದು. ಇದೇ ವಾನ್ ಡ ವೆಲ್ಡ 1926ರಲ್ಲಿ ಬ್ರಸಲ್ಸಿನಲ್ಲಿ ಸ್ಥಾಪಿಸಿದ ಲಾ ಕಾಂಬ್ರ್ ಶಾಲೆಯಲ್ಲಿ ಇಂದಿಗೂ ಉಡುಪು, ವಸ್ತುವಿನ್ಯಾಸ, ಚಿತ್ರಕಲೆಗಳನ್ನು ಕಲಿಸುತ್ತಾರೆ.

ಮೂರನೆಯ ದೊಡ್ಡ ಮನೆ ಎಡ್ಮಂಡ್ ವಾನ್ ಎಟ್‌ವೆಲ್ಡ ಎಂಬ ಅಧಿಕಾರಿಯದು. 1895ರಲ್ಲಿ ಅದರ ಕೆಲಸ ತೊಡಗಿತು. ಅಷ್ಟಕೋನದ ಹಜಾರ, ಸುತ್ತ ತೆಳ್ಳನೆಯ ಕಬ್ಬಿಣದ ಕಂಬಗಳು, ಮೇಲೆ ಬಣ್ಣದ ಗಾಜಿನ ಗುಮ್ಮಟ. ಚಿತ್ರದಲ್ಲಿ ನೋಡಿದರೂ ಕಣ್ಣು ಕೀಳಲಾಗುವುದಿಲ್ಲ. ಆದರೆ ಈ ಮನೆಯ ಯಜಮಾನನ ಉದ್ಯೋಗವೇನು? ಆತನು ಕಾಂಗೋ ದೇಶದ ಆಡಳಿತದ ಮುಖ್ಯಸ್ಥ. ಆಫ್ರಿಕದ ಆ ವಿಶಾಲ ನಾಡು 1885ರಿಂದ 1908ರವರೆಗೆ ಲಿಯೋಪೋಲ್ಡ್ ದೊರೆಯ ಸ್ವಂತ ಆಸ್ತಿಯಾಗಿತ್ತು. ದಂತಕ್ಕಾಗಿ, ಕಾಡುರಬ್ಬರಿಗಾಗಿ ಅಲ್ಲಿಯ ಜನರನ್ನು ಬಿಟ್ಟಿ ದುಡಿಸಿದರು. ರಬ್ಬರು ಸಾಲದಾದಾಗ ಹಳ್ಳಿಗಳನ್ನು ಸುಟ್ಟರು, ಕೈಗಳನ್ನು ಕಡಿದರು. ಲೆಕ್ಕವಿಲ್ಲದಷ್ಟು ಜನ ಸತ್ತರು. ಬ್ರಸಲ್ಸಿನ ಮನೆಗಳಲ್ಲಿ ನುಣುಪಾಗಿ ಹೊಳೆಯುವ ಬೆಲೆಬಾಳುವ ಮರಗಳಲ್ಲಿ ಕಾಂಗೋ ಕಾಡಿನ ಮರವೂ ಇತ್ತು. ಪರದೇಶದವರು ಆಳಿದ ನಾಡಿನಲ್ಲಿ ಹುಟ್ಟಿದ ನಮಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೋರ್ಟಾ ಇದನ್ನೆಲ್ಲ ಎಷ್ಟು ಬಲ್ಲನೋ, ಬಲ್ಲವನಾದರೆ ಕೆಲಸ ಬಿಡುತ್ತಿದ್ದನೋ ಎಂದು ವಾದಿಸುತ್ತ ಕೂರುವುದರಲ್ಲಿ ಪ್ರಯೋಜನವಿಲ್ಲ. ಗುಮ್ಮಟದ ಬೆಳಕಿನ ಸೊಗಸನ್ನು ಹೇಳುವವರು ಅದಕ್ಕೆ ಹಣ ಎಲ್ಲಿಂದ ಬಂತೆಂಬುದನ್ನೂ ಅದೇ ಉಸಿರಿನಲ್ಲಿ ಹೇಳಲಿ ಎಂಬುದಷ್ಟೇ ನನ್ನ ಅಪೇಕ್ಷೆ.

ಸೋಜಿಗವೆಂದರೆ, ಇದೇ ವರ್ಷಗಳಲ್ಲಿ ಹೋರ್ಟಾ ಕಾರ್ಮಿಕರಿಗಾಗಿಯೂ ಒಂದು ಮನೆ ಕಟ್ಟುತ್ತಿದ್ದನು. ನನ್ನ ದೃಷ್ಟಿಯಲ್ಲಿ ಅವನ ಬಾಳಿನ ಮುಖ್ಯ ಕೆಲಸ ಇದೇ.

ಬೆಲ್ಜಿಯಂನ ಕಾರ್ಮಿಕ ಪಕ್ಷ ಹುಟ್ಟಿದ್ದು 1885ರಲ್ಲಿ. 1893ರಲ್ಲಿ ದೇಶದಾದ್ಯಂತ ಕೆಲಸ ನಿಲ್ಲಿಸಿ, ಎಲ್ಲ ಗಂಡಸರಿಗೂ ಓಟು ಬೇಕೆಂದು ಹೋರಾಡಿ ಗೆದ್ದರು. ಗೆದ್ದರೂ ಸಮವಾಗಿ ಅಲ್ಲ. ಆಸ್ತಿವಂತನಿಗೆ, ಓದಿದವನಿಗೆ ಎರಡು ಮೂರು ಓಟು, ಕೂಲಿಗೆ ಒಂದು. ಈ ಪಕ್ಷಕ್ಕೆ ಬೆನ್ನೆಲುಬಾಗಿದ್ದದ್ದು ಸಹಕಾರ ಸಂಘಗಳು. ಬ್ರಸಲ್ಸಿನ ಸಂಘ ಬ್ರೆಡ್ಡು ಸುಟ್ಟು ಅಗ್ಗದ ಬೆಲೆಗೆ ಮಾರುತ್ತ ಬೆಳೆದದ್ದು. ಅವರಿಗೆ ಸ್ವಂತದ ಒಂದು ಭವನ ಬೇಕಾಯಿತು. 1895ರಲ್ಲಿ ಆ ಕೆಲಸವನ್ನು ಹೋರ್ಟಾನಿಗೆ ವಹಿಸಿದರು. ಮೆಜಾನ್ ದು ಪ್ಯೂಪ್ಲ್, ಎಂದರೆ ಜನರ ಮನೆ, ಎಂಬುದು ಅದರ ಹೆಸರು.

ದೊರೆತ ಜಾಗ ಇಳಿಜಾರು, ಸೊಟ್ಟ. ಮುಂದೆ ಬಳೆಯಂತೆ ದುಂಡಗಿನ ಚೌಕ. ಹೋರ್ಟಾ ಗೋಡೆಯನ್ನೇ ಆ ದುಂಡಿಗೆ ಬಾಗಿಸಿದನು. ಮುಂಭಾಗವೆಲ್ಲ ಕಬ್ಬಿಣದ ಚೌಕಟ್ಟು ಮತ್ತು ಗಾಜು. ಕೆಳಗೆ ದೊಡ್ಡ ಕಾಫಿಮನೆ, ಸಹಕಾರ ಸಂಘದ ಅಂಗಡಿಗಳು; ಮೇಲೆ ಕಚೇರಿಗಳು; ಎಲ್ಲಕ್ಕಿಂತ ಮೇಲೆ, ಮಾಡಿನ ಅಡಿಯಲ್ಲಿ, ಸುಮಾರು 2000 ಜನ ಕೂರುವ ಸಭಾಂಗಣ. ಸಭಾಂಗಣವನ್ನು ಕೆಳಗಿಡುವುದು ಲೋಕರೂಢಿ. ಈತನು ಅದನ್ನು ಮೇಲಕ್ಕೊಯ್ದು ನಾಲ್ಕು ಕಡೆಯ ಬೆಳಕಿಗೆ ತೆರೆದನು. ಕಾರ್ಮಿಕರ ಗುಡಿಸಲುಗಳಲ್ಲಿ ಎಂದೂ ಕಾಣದ ಗಾಳಿ ಬೆಳಕುಗಳೇ ಈ ಮನೆಯ ವೈಭೋಗವಾಗಬೇಕು ಎಂಬುದು ತನ್ನ ಉದ್ದೇಶವಾಗಿತ್ತೆಂದು ಅವನು ಆತ್ಮಕಥೆಯಲ್ಲಿ ತಿಳಿಸಿದ್ದಾನೆ. ಸೋಲ್ವೆಗೆ ಅಮೃತಶಿಲೆ ಇತ್ತು; ಇವರಿಗೆ ಬೆಳಕು.

ಕಟ್ಟುವವರಿಗೂ ಕಟ್ಟಡಕ್ಕೂ ಇರುವ ಸಂಬಂಧವನ್ನು ನಾನು ಚಿಕ್ಕಂದಿನಿಂದ ನೋಡಿ ಬಲ್ಲೆ. ಗೃಹಪ್ರವೇಶದ ದಿನ ಮೇಸ್ತ್ರಿಗೆ ಒಂದು ಪಂಚೆ, ತಾಂಬೂಲ. ಮಾರನೆಯ ದಿನದಿಂದ ಆ ಹೊಸಿಲು ಅವನದಲ್ಲ. ಬ್ರಸಲ್ಸಿನಲ್ಲಿ 1899ರ ಏಪ್ರಿಲ್ ತಿಂಗಳಲ್ಲಿ ಜನರ ಮನೆಯ ಬಾಗಿಲು ತೆರೆದಾಗ ಕಮ್ಮಾರ, ಬಡಗಿ, ಕಲ್ಲುಕುಟಿಗರು ತಾವು ಕಟ್ಟಿದ ಮನೆಯೊಳಕ್ಕೆ ತಮ್ಮದೆಂದು ನಡೆದು ಹೋಗಬಹುದಾಗಿತ್ತು. ಪ್ರಾರಂಭೋತ್ಸವಕ್ಕೆ ಫ್ರಾನ್ಸಿನಿಂದ ಜಾನ್ ಜೋರೆಸ್ ಬಂದಿದ್ದನು.

ಮುಂದಿನ ವರ್ಷಗಳ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. 1898ರಿಂದ 1901ರವರೆಗೆ ಸೇಂಟ್ ಜಿಲ್ ಬಡಾವಣೆಯಲ್ಲಿ ತನಗಾಗಿ ಮನೆಯನ್ನೂ ಕೆಲಸದ ಶಾಲೆಯನ್ನೂ ಕಟ್ಟಿಕೊಂಡನು. ಊಟದ ಕೋಣೆಯ ಗೋಡೆಗೆ ಅವನು ಬಳಸಿದ್ದು ಬಿಳಿಯ ಮೆರುಗಿನ ಇಟ್ಟಿಗೆ. ಅಡಿಗೆಮನೆಗೂ ಹಿತ್ತಿಲ ಗೋಡೆಗೂ ಸಾಕೆನ್ನುವಂತಹ ವಸ್ತು. 1901ರಲ್ಲಿ ಇನ್ನೊವೇಶನ್ ಎಂಬ ದೊಡ್ಡ ಅಂಗಡಿ, ಆಮೇಲೆ ಬಟ್ಟೆಯ ಸಗಟು ವ್ಯಾಪಾರಿ ವೋಕೆಯ ಮಳಿಗೆ, ಬ್ರುಗ್ಮನ್ ಆಸ್ಪತ್ರೆ ಒಂದಾದ ಮೇಲೊಂದು ಬಂದವು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನರು ಬೆಲ್ಜಿಯಮ್ಮನ್ನು ಆಕ್ರಮಿಸಿದರು. 1915ರಲ್ಲಿ ದೇಶದ ಪುನರ್ನಿರ್ಮಾಣದ ಸಭೆಗೆಂದು ಲಂಡನ್ನಿಗೆ ಹೋದ ಹೋರ್ಟಾ ಹಿಂದಿರುಗಲಾಗದೆ ಅಮೆರಿಕಕ್ಕೆ ಹೋಗಿ, ಅಲ್ಲಿಯ ವಿಶ್ವವಿದ್ಯಾನಿಲಯಗಳಲ್ಲಿ ಉಪನ್ಯಾಸ ಮಾಡುತ್ತ ಕಾಲ ಕಳೆದು 1919ರಲ್ಲಿ ಬಂದನು. ಬಂದವನೇ ತನ್ನ ಆ ಮನೆಯನ್ನು ಮಾರಿದನು. ಬಳ್ಳಿಯ ಗೆರೆಯನ್ನೂ ಬಿಟ್ಟನು. ಅಷ್ಟು ಹೊತ್ತಿಗೆ ಆ ಶೈಲಿಯನ್ನು ಲೋಕವೂ ಬಿಟ್ಟಿತ್ತು. ಜನ ಅದನ್ನು ಹಳೆಯ ಫ್ಯಾಷನ್ನೆಂದು ನಗುತ್ತಿದ್ದರು.

ಆಮೇಲೆ ಕಟ್ಟಿದ ಲಲಿತಕಲಾ ಭವನ ಸಿಮೆಂಟ್ ಕಾಂಕ್ರೀಟಿನದು, ನೇರ ಗೆರೆಗಳದು. ಅರಮನೆಯಿಂದ ಊರು ಕಾಣುವುದಕ್ಕೆ ಅಡ್ಡವಾಗಬಾರದೆಂದು ಅದನ್ನು ಎತ್ತರಿಸಲು ಬಿಡಲಿಲ್ಲ. ಹೋರ್ಟಾ ಅದರ ಬಹುಭಾಗವನ್ನು ನೆಲದೊಳಕ್ಕೆ ಇಳಿಸಿದನು. 1929ರಲ್ಲಿ ತೆರೆದ ಅದರ ಸಂಗೀತ ಸಭಾಂಗಣದಲ್ಲಿ ಈಗಲೂ ಎಲಿಜಬೆತ್ ರಾಣಿಯ ಹೆಸರಿನ ಸಂಗೀತ ಸ್ಪರ್ಧೆ ನಡೆಯುತ್ತದೆ. ಸಂಗೀತ ಶಾಲೆಯಿಂದ ಹೊರದೂಡಿಸಿಕೊಂಡ ಹುಡುಗನ ಮರ್ಯಾದೆಯ ಉತ್ತರ ಎನ್ನೋಣವೇ! 1932ರಲ್ಲಿ ದೊರೆ ಅವನಿಗೆ ಬ್ಯಾರನ್ ಪದವಿಯನ್ನು ಕೊಟ್ಟನು. ಜೋಡು ಹೊಲಿಯುವವನ ಮಗ ಬ್ಯಾರನ್ ಆದನು. ಬ್ರಸಲ್ಸಿನ ಕೇಂದ್ರ ರೈಲು ನಿಲ್ದಾಣದ ನಕ್ಷೆಯನ್ನು ಮೊದಲನೆಯ ಯುದ್ಧಕ್ಕೆ ಮುಂಚೆಯೇ ಕೈಗೆತ್ತಿಕೊಂಡಿದ್ದನು. ಅದು ತೆರೆದದ್ದು 1952ರಲ್ಲಿ. ಅಷ್ಟರಲ್ಲಿ ಅವನಿರಲಿಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಮುದುಕ ಹೋರ್ಟಾ ಆತ್ಮಕಥೆ ಬರೆಯುತ್ತ ಕುಳಿತನು. 1945ರಲ್ಲಿ ತನ್ನ ನಕ್ಷೆಗಳಲ್ಲಿ, ಕಾಗದಪತ್ರಗಳಲ್ಲಿ ಹೆಚ್ಚಿನವನ್ನು ತಾನೇ ನಾಶಮಾಡಿಬಿಟ್ಟನು. ಐವತ್ತು ವರ್ಷಗಳ ಗೆರೆಗಳು! ಯಾರಿಗೂ ಬೇಡವೆಂಬ ನಿರಾಶೆಯೋ, ಮತ್ತಾವ ಕಾರಣವೋ. ಕಟ್ಟಿದ ಮನೆಗಳು ನಿಂತಿರುವಾಗ ಕಾಗದವೇಕೆ ಎಂದೂ ತಿಳಿದಿರಬಹುದು. 1947ರ ಸೆಪ್ಟೆಂಬರ್ 8ರಂದು ತೀರಿಕೊಂಡನು. ಇಕ್ಸೆಲ್ ಸ್ಮಶಾನದಲ್ಲಿ ಅವನ ಸಮಾಧಿಯಿದೆ.

ಮನೆಗಳು ನಿಲ್ಲಲಿಲ್ಲ. 1950ರಲ್ಲಿ ಓಬೆಕ್ ಎಂಬುವನ ಮನೆಯನ್ನು ಕೆಡವಿದರು. ಬ್ರಸಲ್ಸ್ ಆಗ ಹೊಸದಾಗುವ ಅವಸರದಲ್ಲಿತ್ತು. ಹಳೆಯದನ್ನು ಯೋಚನೆಯಿಲ್ಲದೆ ಕೆಡವಿ ಗೋಪುರ ಎಬ್ಬಿಸುವುದಕ್ಕೆ ಬೇರೆ ದೇಶದವರು ಆ ಊರಿನ ಹೆಸರನ್ನೇ ಇಟ್ಟುಬಿಟ್ಟಿದ್ದಾರೆ. ಜನರ ಮನೆಯ ಸರದಿಯೂ ಬಂದಿತು. ಕಟ್ಟಿಸಿದ ಚಳವಳಿಯವರಿಗೇ ಅದು ಇಕ್ಕಟ್ಟಾಗಿ, ಹಳತಾಗಿ, ಬೇಡವಾಗಿತ್ತು. 1964ರಲ್ಲಿ ವೆನಿಸ್ ನಗರದಲ್ಲಿ ಸೇರಿದ್ದ ನೂರಾರು ವಾಸ್ತುಶಿಲ್ಪಿಗಳು ಕೆಡವಬೇಡಿರೆಂದು ಪ್ರತಿಭಟಿಸಿದರು. 1965ರಲ್ಲಿ ಕೆಡವಿದರು. ಆ ಜಾಗದಲ್ಲಿ ಇಪ್ಪತ್ತಾರು ಅಂತಸ್ತಿನ ಗೋಪುರವೊಂದು ಎದ್ದಿತು. ಎರಡು ವರ್ಷ ಕಳೆಯುವಷ್ಟರಲ್ಲಿ, 1967ರ ಮೇ 22ರಂದು, ಇನ್ನೊವೇಶನ್ ಅಂಗಡಿಗೆ ಬೆಂಕಿ ಬಿದ್ದು 250ಕ್ಕೂ ಹೆಚ್ಚು ಜನ ಸತ್ತರು, ಅದೂ ಬೂದಿಯಾಯಿತು.

ಉಳಿದವು ಉಳಿದದ್ದು ಕೆಲವರ ಹಟದಿಂದ. ಹೋರ್ಟಾನ ಶಿಷ್ಯ ಜಾನ್ ಡಲೆ ಎಂಬಾತ ಊರೂರು ಹೇಳಿಕೊಂಡು ತಿರುಗಿ, ಗುರುವಿನ ಮನೆಯನ್ನು ಪುರಸಭೆ ಕೊಳ್ಳುವಂತೆ ಮಾಡಿದನು; 1969ರಲ್ಲಿ ಅದು ವಸ್ತುಸಂಗ್ರಹಾಲಯವಾಯಿತು. ಸೋಲ್ವೆಯ ಮನೆಯನ್ನು 1957ರಲ್ಲಿ ಉಡುಪು ತಯಾರಿಸುವ ಕುಟುಂಬವೊಂದು ಕೊಂಡು ಜೋಪಾನ ಮಾಡಿತು. ವೋಕೆಯ ಬಟ್ಟೆ ಮಳಿಗೆ 1989ರಿಂದ ಕಾಮಿಕ್ ಚಿತ್ರಕಥೆಗಳ ಸಂಗ್ರಹಾಲಯ. 2000ದಲ್ಲಿ ಯುನೆಸ್ಕೊ ಸಂಸ್ಥೆ ಹೋರ್ಟಾನ ನಾಲ್ಕು ಮನೆಗಳನ್ನು ವಿಶ್ವದ ಆಸ್ತಿಯೆಂದು ಸಾರಿತು: ಟಾಸೆಲನದು, ಸೋಲ್ವೆಯದು, ಕಾಂಗೋ ಅಧಿಕಾರಿಯದು, ಅವನ ಸ್ವಂತದ್ದು. ಜನರ ಮನೆ ಆ ಪಟ್ಟಿಯಲ್ಲಿ ಬರುವಂತಿರಲಿಲ್ಲ.

ಅದನ್ನು ಬಿಚ್ಚುವಾಗ, ಮತ್ತೆ ಬೇರೆಡೆ ಕಟ್ಟುತ್ತೇವೆಂದು ಕಬ್ಬಿಣದ ತುಂಡುಗಳಿಗೆ ನಂಬರು ಹಾಕಿ ಇಟ್ಟಿದ್ದರು. ಕಟ್ಟಲಿಲ್ಲ. ವರ್ಷಗಳು ಕಳೆದಂತೆ ತುಂಡುಗಳು ತುಕ್ಕು ಹಿಡಿದು, ಕಳುವಾಗಿ, ಗುಜರಿಗೆ ಸೇರಿ ಚೆದರಿದವು. ಕೆಲವು ಆಂಟ್‌ವರ್ಪ್ ನಗರದ ಕಾಫಿಮನೆಯೊಂದಕ್ಕೆ ಹೋದವು. ಇನ್ನು ಕೆಲವು ಕಟಕಟೆಗಳನ್ನು 1993ರಲ್ಲಿ ಸೇಂಟ್ ಜಿಲ್ ಬಡಾವಣೆಯ ನೆಲದಡಿಯ ಟ್ರಾಂ ನಿಲ್ದಾಣದಲ್ಲಿ ಜೋಡಿಸಿದ್ದಾರೆ. ನಿಲ್ದಾಣದ ಹೆಸರು ಹೋರ್ಟಾ.